ಕಚ್ಚಿ ಕುಡಿದ ನೀರು

ಯಜಮಾನರು ತೀರಿಕೊಂಡ ಮೇಲೆ ಹೊಸೂರಿನ ನಮ್ಮ ಮನೆಯಲ್ಲಿ ದಿನವೂ ತೊಳೆಯುವುದು ಒಂದೇ ಲೋಟ. ಬೆಳಿಗ್ಗೆ ಕಾಫಿ ಕುಡಿದು ಬೋರಲು ಹಾಕಿದ್ದನ್ನೇ ಸಂಜೆ ಮತ್ತೆ ಎತ್ತಿಕೊಳ್ಳುತ್ತಿದ್ದೆ. ಅಡುಗೆಮನೆಯಿಂದಲೂ ನಿವೃತ್ತಿ ಆಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಹಗಲೆಲ್ಲ ಒಂಟಿಯಾಗಿರುವ ವಯಸ್ಸಾದವರ ಜೊತೆ ವಾರಕ್ಕೊಮ್ಮೆ ಕೂತು ಮಾತಾಡಿ ಬರುವ ಒಂದು ಗುಂಪಿಗೆ ಸೇರಿದೆ. ಅವರು ಎರಡು ವಿಷಯ ಒತ್ತಿ ಹೇಳಿದ್ದರು: ಹೋದ ಮನೆಯಲ್ಲಿ ಏನೂ ತೆಗೆದುಕೊಳ್ಳಬೇಡಿ, ನಿಮ್ಮ ಕಷ್ಟ ಹೇಳಿಕೊಳ್ಳಬೇಡಿ. ಚಿಕ್ಕಂದಿನಲ್ಲಿ ಓದಿದ ಕಾನ್ವೆಂಟಿನ ಸಿಸ್ಟರುಗಳೂ ನನಗೆ ಹೆಚ್ಚುಕಡಿಮೆ ಅದನ್ನೇ ಕಲಿಸಿದ್ದರು.

ನನಗೆ ಸಿಕ್ಕವರು ತೊರಪಲ್ಲಿ ಕಡೆಯ ಒಬ್ಬ ಅಜ್ಜಿ. ಮಗ, ಸೊಸೆ ಇಬ್ಬರೂ ಬೆಳಿಗ್ಗೆಯೇ ಕಂಪನಿ ಬಸ್ಸು ಹತ್ತುತ್ತಿದ್ದರು. ಮಂಗಳವಾರ ನಾನು ಹೋದರೆ ಅಜ್ಜಿ ಚಾಪೆ ಹಾಸಿ, ಹಿತ್ತಾಳೆ ಚೊಂಬಿನಲ್ಲಿ ನೀರು ತಂದಿಡುತ್ತಿದ್ದರು. "ಬೇಡಮ್ಮ, ಈಗ ತಾನೇ ಕುಡಿದು ಬಂದೆ" ಎನ್ನುತ್ತಿದ್ದೆ. ಮಜ್ಜಿಗೆ ತಂದರೂ ಅದೇ ಉತ್ತರ. ಅಜ್ಜಿ ಚೊಂಬನ್ನು ಸೆರಗಿನಿಂದ ಒರೆಸಿ ಒಳಗಿಡುತ್ತಿದ್ದರು. ಒರೆಸುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಗಮನಿಸಿದ್ದೆ, ಅರ್ಥವಾಗಿರಲಿಲ್ಲ.

ಒಂದು ಮಂಗಳವಾರ ಬಾಗಿಲು ತೆರೆಯಲಿಲ್ಲ. ಕಿಟಕಿಯಿಂದ ಮಾತು ಬಂತು.

"ಇನ್ಮ್ಯಾಲೆ ಬರ್ಬ್ಯಾಡ ಕಣವ್ವ."

"ಯಾಕಮ್ಮ, ಏನಾಯ್ತು?"

"ನಮ್ಮನೆ ನೀರು ಮುಟ್ಟಕಾಗ್ದೋಳು ನಮ್ ಚಾಪೆ ಮ್ಯಾಲೆ ಯಾಕ್ ಕುಂತ್ಕಂತೀಯ? ಪಕ್ಕದ್ಮನೆಯೋಳು ಕೇಳ್ತಾವ್ಳೆ, ಆಯಮ್ಮ ಯಾವ್ ಜಾತಿ, ನಿಮ್ಮನೇಲಿ ನೀರೂ ಕುಡಿಯಾಕಿಲ್ವಲ್ಲ ಅಂತ."

ಗುಂಪಿನ ನಿಯಮ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಿಟಕಿ ಮುಚ್ಚಿತು.

ಗುಂಪಿಗೆ ತಿಳಿಸಿದ್ದರೆ ಬೇರೆ ಮನೆ ಕೊಡುತ್ತಿದ್ದರು. ತಿಳಿಸಲಿಲ್ಲ. ಆ ವಾರ ಗ್ಯಾಸ್ ಸಿಲಿಂಡರ್ ತಂದವನನ್ನು ಬಿಟ್ಟರೆ ಯಾರೂ ನನ್ನ ಹತ್ತಿರ ಮಾತಾಡಲಿಲ್ಲ. ನಾನು ಇಸ್ತ್ರಿ ಮಾಡಿಟ್ಟುಕೊಳ್ಳುತ್ತಿದ್ದುದು ಮಂಗಳವಾರದ ಸೀರೆಯೊಂದನ್ನೇ ಎಂಬುದು ಆಗ ಹೊಳೆಯಿತು.

ಮುಂದಿನ ಮಂಗಳವಾರ ಬಸ್ಸಿಳಿದು, ಬಿಸಿಲಲ್ಲಿ ನಡೆದು ಹೋಗಿ ಬಾಗಿಲು ತಟ್ಟಿದೆ.

"ಅಮ್ಮ, ಬಾಯಾರಿದೆ. ಒಂದಿಷ್ಟು ನೀರು ಕೊಡ್ತೀರಾ?"

ಕಿಟಕಿ ಅರ್ಧ ತೆರೆಯಿತು.

"ಯಾಕೆ, ಹೊಸೂರಾಗೆ ನೀರ್ ನಿಂತೋಯ್ತಾ?"

"ಇಲ್ಲಮ್ಮ. ಇಲ್ಲೇ ಕುಡಿಯೋಣ ಅಂತ ಬಂದೆ."

ಚಿಲಕ ಸರಿಯಿತು. ಚೊಂಬು ಕೈಗೆ ಬಂತು. ಅಭ್ಯಾಸಬಲದಿಂದ ತಲೆಯೆತ್ತಿ, ತುಟಿಗೆ ತಾಕದಂತೆ ಸುರಿದುಕೊಳ್ಳಲು ಹೋದೆ. ಬೇರೆಯವರ ಪಾತ್ರೆ ಎಂಜಲು ಮಾಡದಿರುವುದು ನಮ್ಮ ಮನೆಯಲ್ಲಿ ಮರ್ಯಾದೆ. ಅಜ್ಜಿಯ ಕಣ್ಣು ಮಾತ್ರ ಚೊಂಬಿಗೂ ನನ್ನ ತುಟಿಗೂ ನಡುವಿನ ಜಾಗದಲ್ಲೇ ನಿಂತಿತ್ತು.

ಕೈ ಇಳಿಸಿದೆ. ಅಂಚನ್ನು ತುಟಿಗಿಟ್ಟು ಕಚ್ಚಿ ಕುಡಿದೆ. ಆಗಷ್ಟೇ ಬೆಳಗಿದ ಚೊಂಬಿಗೆ ಇನ್ನೂ ಹುಣಸೆಹಣ್ಣಿನ ವಾಸನೆ ಇತ್ತು.

"ಮೆಲ್ಲುಕ್ ಕುಡಿ, ನೆತ್ತಿಗೇರ್ತದೆ" ಎಂದು ಅಜ್ಜಿ ಚಾಪೆ ಹಾಸಿದರು. "ಬರೋ ವಾರ ಉಣ್ಣಾಕ್ ಬಾ. ಒಬ್ಳಿಗೇ ಮುದ್ದೆ ತಿರುವಾಕೆ ಬ್ಯಾಸ್ರ."

"ನಾನೂ ಅಡುಗೆ ಮಾಡೋದು ಬಿಟ್ಟಿದೀನಮ್ಮ. ಬ್ರೆಡ್ಡೇ ತಿಂತೀನಿ."

ಗುಂಪಿನವರ ಎರಡನೆಯ ಮಾತೂ ಅಲ್ಲಿಗೆ ಮುರಿಯಿತು.

"ಅದ್ಕೇ ಹಿಂಗ್ ಬಿಳ್ಚಿಕಂಡಿದೀಯ" ಎಂದರು. ಉಳಿದ ನೀರನ್ನು ಚೆಲ್ಲದೆ ಚೊಂಬನ್ನು ನನ್ನ ಪಕ್ಕದಲ್ಲೇ ಇಟ್ಟರು.

ಸಂಜೆ ಮನೆಗೆ ಬಂದಾಗ, ಬೀಗ ತೆಗೆದ ಸದ್ದು ಒಳಕೋಣೆಯವರೆಗೂ ಹೋಗಿ ಬಂತು. ಲೋಟ ಬೋರಲಾಗಿಯೇ ಇತ್ತು. ಮುಂದಿನ ಮಂಗಳವಾರದ ಸೀರೆಯನ್ನು ಅವತ್ತೇ ಇಸ್ತ್ರಿ ಮಾಡಿ, ಕುರ್ಚಿಯ ಮೇಲೆ ಕಾಣುವಂತೆ ಇಟ್ಟೆ.