ಚಕ್ಕಡಿಯ ಎಣ್ಣೆ, ಜೀಪಿನ ಬ್ರೇಕು

ಈಗಷ್ಟೇ ಮನೆಗೆ ಬಂದು ಅವಸರದಲ್ಲಿ ಬರೆಯುತ್ತಿದ್ದೇನೆ ಗೆಳೆಯರೇ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಹರಾಜಿನಲ್ಲಿ ತಂದ ಹಳೆಯ ಮಿಲಿಟರಿ ಜೀಪಿನ ರಿಪೇರಿಯನ್ನು ಗೆಳೆಯ ಮೆಹಬೂಬ ನನಗೆ ಕಲಿಸುತ್ತಿದ್ದಾನಲ್ಲ, ಇವತ್ತು ಬ್ರೇಕಿನ ಪಾಠ. ಅವನು ಚಹಾ ಕುಡಿದು ಬರುವಷ್ಟರಲ್ಲಿ ಬಿಚ್ಚಿದ್ದ ಗಾಲಿಗಳನ್ನು ನಾನೇ ಜೋಡಿಸಿದ್ದೆ, ನನ್ನದೂ ಒಂದಿಷ್ಟು ಜಾಣತನ ಸೇರಿಸಿ.

ಓಡಿಸಿ ನೋಡಲೆಂದು ಇಬ್ಬರೂ ಹೊರಟೆವು. ತಾಳಿಕೋಟೆ ರಸ್ತೆಯ ಇಳಿಜಾರಿನಲ್ಲಿ ಅವನು ಬ್ರೇಕ್ ತುಳಿದ. ಜೀಪು ನಿಲ್ಲಲಿಲ್ಲ. ಮತ್ತೆ ತುಳಿದ. ಎದುರಿಗೆ ಕುರಿಹಿಂಡು.

"ಬ್ರೇಕ್ ಹಿಡೀವಲ್ದೋ! ಗಟ್ಟಿ ಕುಂದರು!" ಎಂದು ಚೀರಿದ.

ಯಾಕೆ ಹಿಡಿಯುತ್ತಿಲ್ಲ ಎಂದು ನನಗೆ ಆಗಲೇ ಹೊಳೆದಿತ್ತು. ಸೀಟಿನ ಕಂಬಿ ಹಿಡಿದುಕೊಂಡೆ. ಅವನು ಜೀಪನ್ನು ಹೊಲಕ್ಕೆ ತಿರುಗಿಸಿದ. ಜೋಳದ ಕಣಿಕೆಯ ಬಣವೆಗೆ ಗುದ್ದಿ ನಿಂತೆವು.

ಗಡ್ಡದೊಳಗಿನ ಕಣಿಕೆ ಕೊಡವಿಕೊಂಡು ಮೆಹಬೂಬ ಗಾಲಿ ಬಿಚ್ಚಿ ಮೂಸಿದ. "ಬ್ರೇಕಿಗೆ ಔಡಲೆಣ್ಣಿ ಯಾರ್ ಹಚ್ಚ್ಯಾರ?"

"ನಾನ. ಎತ್ತಿನ ಚಕ್ಕಡಿಗಿ ಹಚ್ಚತೇವಲ್ಲ, ಗಾಲಿ ಸಲೀಸ ತಿರಗಲಿ ಅಂತ."

"ತಿರಗಿದ್ವಲ್ಲಪಾ. ಭಾಳ ಚಲೋ ತಿರಗಿದ್ವು."

ಬೈಯಲೇ ಇಲ್ಲ. ನನಗೆ ಅದಕ್ಕೇ ಇನ್ನಷ್ಟು ಹೆದರಿಕೆ. ನಾಳೆ ಸ್ಟೀರಿಂಗಿನ ಪಾಠವಂತೆ. ನಮ್ಮ ಮನೆಯ ಎಣ್ಣೆ ಗಿಂಡಿಯನ್ನು ಮಾತ್ರ ಅವನು ತನ್ನ ಮನೆಗೆ ಒಯ್ದು, ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದ್ದಾನೆ.