ಮಣಿಯ ಹೆಗಲಿನ ಗಂಟು

"ನೀನ್ ಹಾಕ್ಸಿದ್ ಸೂಜಿ ಮಣಿನ ಹಾಳ್ ಮಾಡ್ಬುಡ್ತು ಕಣೆ. ಒಂದ್ಸಲ ಬಂದು ನೋಡು."

ಹೋದ ವಾರ ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದುತ್ತಾ ಕೂತಿದ್ದಾಗ ಉದ್ದನಪಲ್ಲಿಯಿಂದ ಅಕ್ಕನ ಫೋನು. ಮಣಿ ಅವಳ ಮನೆಯ ನಾಯಿ. (ನಮ್ಮ ಕಡೆ ಅರ್ಧ ನಾಯಿಗಳ ಹೆಸರು ಮಣಿಯೇ. ಬೀದಿಯಲ್ಲಿ ನಿಂತು ಕೂಗಿದರೆ ನಾಲ್ಕು ಬಾಲ ಅಲ್ಲಾಡುತ್ತವೆ.) ಅದಕ್ಕೆ ರೇಬಿಸ್ ಲಸಿಕೆ ಹಾಕಿಸಿದವಳು ನಾನು. ಅಕ್ಕ ಬೇಡ ಅಂದರೂ ಕೇಳದೆ, ಆಟೋದಲ್ಲಿ ಹೊಸೂರಿಗೆ ಕರೆತಂದು ಹಾಕಿಸಿದ್ದೆ.

ಅರ್ಧ ದಿನ ರಜೆ ಹಾಕಿ ಸ್ಕೂಟಿ ಹತ್ತಿದೆ.

ಮಣಿ ಜಗಲಿಯ ಕೆಳಗೆ ಮುದುಡಿ ಮಲಗಿತ್ತು. ಬಲ ಹೆಗಲ ಮೇಲೆ ಕೂದಲಿರಲಿಲ್ಲ. ಚರ್ಮವೂ ಇರಲಿಲ್ಲ. ಎರಡು ಗೆರೆ, ಒಂದರ ಮೇಲೊಂದು ಅಡ್ಡಡ್ಡ, ಕೀವು ತುಂಬಿಕೊಂಡು. ನೊಣ ಮುತ್ತುತ್ತಿದ್ದವು. ಯಾವ ಸೂಜಿ ಹೀಗೆ ಗುಣಾಕಾರದ ಗುರುತು ಹಾಕುತ್ತದೆ?

"ಇದು ಸೂಜಿ ಅಲ್ಲ. ಬರೆ. ಯಾರು ಹಾಕಿದ್ದು?" ಎಂದೆ.

ಅಕ್ಕ ಭಾವನ ಮುಖ ನೋಡಿದಳು. ಭಾವ ತೆಂಗಿನ ಮರ ನೋಡಿದರು.

"ಏನ್ಮಾಡಾದಮ್ಮ?" ಎಂದರು ಭಾವ. "ಸೂಜಿ ಹಾಕ್ದ ಜಾಗದಾಗೆ ಗಂಟು ಬಂತು. ನಿಂಬೆಕಾಯಿ ಗಾತ್ರ ಆಯ್ತು. ದನಕ್ಕೆ ಬಾವು ಬಂದ್ರೆ ಬರೆ ಎಳೆಯಲ್ವಾ? ಅಂಗೇ ಸಲಾಕೆ ಕಾಯ್ಸಿ ಎಳ್ದೆ. ಪಕ್ಕದ್ಮನೆ ಎಂಕಟಪ್ಪನೂ ಅದೇ ಅಂದ. ಸೂಜಿ ವಿಷ ಕಟ್ಕಂಡೈತೆ, ಸುಟ್ರೆ ಹೊಂಟೋಯ್ತದೆ ಅಂತ."

ಗಂಟು ಬರಬಹುದು ಎಂದು ಡಾಕ್ಟರ್ ಅವತ್ತೇ ಹೇಳಿದ್ದರು. ಎಷ್ಟೋ ನಾಯಿಗಳಿಗೆ ಬರುತ್ತದೆ, ಕೆಲವು ವಾರಗಳಲ್ಲಿ ತಾನಾಗಿ ಕರಗುತ್ತದೆ, ಒತ್ತಬೇಡಿ, ಉಜ್ಜಬೇಡಿ. ಮುಖ ಊದಿದರೆ, ವಾಂತಿಯಾದರೆ, ಉಸಿರಾಡಲು ಕಷ್ಟಪಟ್ಟರೆ ತಕ್ಷಣ ಕರೆತನ್ನಿ. ಗಂಟು ದೊಡ್ಡದಾಗುತ್ತಲೇ ಹೋದರೂ ತನ್ನಿ. ಡಾಕ್ಟರ್ ಇದನ್ನು ತಮಿಳಿನಲ್ಲಿ ಹೇಳಿದರು. ನಾನು ಭಾವನಿಗೆ ಕನ್ನಡದಲ್ಲಿ ಹೇಳಿದೆ. ಭಾವ ವೆಂಕಟಪ್ಪನಿಗೆ ತೆಲುಗಿನಲ್ಲಿ ಹೇಳಿದರಂತೆ. ಮುಟ್ಟಬೇಡಿ ಅನ್ನಲು ಮೂರು ಭಾಷೆಯಲ್ಲೂ ಮಾತಿದೆ. ಆದರೂ ಆ ಮನೆಗೆ ಬಂದವರೆಲ್ಲ ಗಂಟನ್ನು ಒತ್ತಿ ನೋಡಿದ್ದಾರೆ, ಮಾವಿನಹಣ್ಣು ಮಾಗಿದೆಯೋ ಇಲ್ಲವೋ ಎಂದು ನೋಡುವ ಹಾಗೆ.

ಭಾವ ಓದದವರಲ್ಲ. ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡುತ್ತಾರೆ. ಮೆಷಿನ್ ಮೇಲೆ ಕೆಂಪು ಸ್ಟಿಕರ್ ಇದ್ದರೆ ಬೆರಳು ತಾಗಿಸುವುದಿಲ್ಲ. ಸೂಪರ್‌ವೈಸರ್ ಮಾತಿಗಿರುವ ಬೆಲೆ ನಾಯಿ ಡಾಕ್ಟರ ಮಾತಿಗೆ ಯಾಕಿಲ್ಲ? ಮೆಷಿನ್ ಕೆಟ್ಟರೆ ಮೆಮೊ ಬರುತ್ತದೆ. ನಾಯಿ ಕೆಟ್ಟರೆ?

ನಾನು ರೇಗಿದೆ. ಭಾವ ಅಂಗಿ ಎತ್ತಿ ಹೊಟ್ಟೆ ತೋರಿಸಿದರು. ಹೊಕ್ಕುಳ ಪಕ್ಕ ಹಳೆಯ ಸುಟ್ಟ ಕಲೆ. ಕೂಸಾಗಿದ್ದಾಗ ಅವರಜ್ಜಿ ಹಾಕಿದ್ದು. "ನಂಗೂ ಹಾಕಿದ್ರು. ನಾನ್ ಬದುಕ್ಲಿಲ್ವಾ?"

ಬದುಕದೇ ಹೋದ ಕೂಸುಗಳು ಈ ಪ್ರಶ್ನೆ ಕೇಳಲು ಬರುವುದಿಲ್ಲ. ಮಣಿಯ ಮೇಲೆ ಅವರಿಗೆ ಪ್ರೀತಿ ಇಲ್ಲ ಎನ್ನಲೂ ಆಗದು. ಸಲಾಕೆ ಕಾಯಿಸಿದ ದಿನ ಅವರು ಊಟ ಮಾಡಲಿಲ್ಲವಂತೆ. ನನಗೆ ಹೆಚ್ಚು ಹೊಟ್ಟೆ ಉರಿದದ್ದು ಅದಕ್ಕೇ. ದ್ವೇಷದಿಂದ ಹೊಡೆದಿದ್ದರೆ ಜಗಳವಾಡಿ ಬಿಡಿಸಿಕೊಂಡು ಬರಬಹುದಿತ್ತು. ಪ್ರೀತಿಯಿಂದ ಸುಡುವವರ ಕೈಯಿಂದ ಬಿಡಿಸುವುದು ಹೇಗೆ?

ಮಣಿಯ ಬಾಯಿಗೆ ಬಟ್ಟೆ ಕಟ್ಟಿ, ಗೋಣಿಚೀಲದಲ್ಲಿ ಸುತ್ತಿ ಅದೇ ಡಾಕ್ಟರ ಹತ್ತಿರ ಒಯ್ದೆವು. ಅವರು ಗಾಯ ತೊಳೆದರು, ಸತ್ತ ಚರ್ಮ ತೆಗೆದರು. ಜೀವಕ್ಕೆ ಅಪಾಯವಿಲ್ಲ ಎಂದರು. ಅವರು ಸುತ್ತಲೂ ಬೆರಳಾಡಿಸಿ ಹುಡುಕಿದರೂ ಗಂಟು ಸಿಗಲಿಲ್ಲ. "ನೋಡ್ದಾ? ಬರೆಗೇ ಓಗಿರಾದು," ಎಂದರು ಭಾವ. ಡಾಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು.

ಈಗ ಅಕ್ಕನ ಬೀದಿಯಲ್ಲಿ ತೀರ್ಪು ಬಂದಾಗಿದೆ. ಸೂಜಿಯಿಂದ ಮಣಿ ಸಾಯುವುದರಲ್ಲಿತ್ತು, ಬರೆಯಿಂದ ಉಳಿಯಿತು. ವೆಂಕಟಪ್ಪ ತನ್ನ ನಾಯಿಗೆ ಸೂಜಿ ಹಾಕಿಸುವುದಿಲ್ಲವಂತೆ. ಎದುರು ಮನೆಯವರೂ ಅಷ್ಟೇ.

ಮಣಿ? ಯಾರು ಬಂದರೂ ತೊಡೆಯ ಮೇಲೆ ತಲೆ ಇಡುತ್ತಿದ್ದ ಮಣಿ ಈಗ ಕೈ ಕಂಡರೆ ಹಲ್ಲು ತೋರಿಸುತ್ತದೆ. ಮುದ್ದೆ ಹಾಕಲು ಹೋದ ಅಕ್ಕನ ಮಣಿಕಟ್ಟಿಗೆ ಬಾಯಿ ಹಾಕಿದೆ. ಅವಳನ್ನು ಆಸ್ಪತ್ರೆಗೆ ಕರೆದೊಯ್ದು ಇಂಜೆಕ್ಷನ್ ಕೊಡಿಸಿದೆ. ವಾಪಸ್ ಬರುವಾಗ, ವರ್ಷ ತುಂಬಿದ ಮೇಲೆ ಮಣಿಗೆ ಮತ್ತೆ ಲಸಿಕೆ ಹಾಕಿಸಬೇಕು ಎಂದೆ.

"ಅಯ್ಯೋ, ಇನ್ಮೇಲೆ ಆ ಸೂಜಿ ಸಾವಾಸವೇ ಬ್ಯಾಡ ಕಣೆ," ಎಂದಳು ಅಕ್ಕ, ಬ್ಯಾಂಡೇಜಿನ ಕೈ ಎತ್ತಿ.

ಕಚ್ಚದ ನಾಯಿಗೆ ಲಸಿಕೆ ಹಾಕಿಸಿದೆವು. ಸುಟ್ಟು ಅದಕ್ಕೆ ಕಚ್ಚುವುದನ್ನು ಕಲಿಸಿದೆವು. ಈಗ ಲಸಿಕೆ ಬೇಡ ಅನ್ನುತ್ತಿದ್ದೇವೆ!