ಹತ್ತು ಸೇರು ಚುರುಮುರಿ

ನಿನ್ನೆ ನಮ್ಮ ಅಡುಗೆಮನೆಗೆ ಹೊಸ ಡಿಜಿಟಲ್ ತಕ್ಕಡಿ ಬಂತು. ಬೆಳಿಗ್ಗೆಯಿಂದ ನನಗೆ ಬೇರೆ ಕೆಲಸವೇ ಇಲ್ಲ. ಡಬ್ಬಿಗಳಲ್ಲಿದ್ದುದನ್ನೆಲ್ಲ ಒಂದೇ ಕಪ್ಪಿನಲ್ಲಿ ತುಂಬಿ ತುಂಬಿ ತೂಗುತ್ತಿದ್ದೇನೆ. ಬರೆದಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ: ಒಂದು ಕಪ್ ಸಕ್ಕರೆ ಇನ್ನೂರು ಗ್ರಾಂ, ರವೆ ನೂರಾ ಎಪ್ಪತ್ತು, ಗೋಧಿ ಹಿಟ್ಟು ನೂರಾ ಇಪ್ಪತ್ತು. ಹಿಟ್ಟನ್ನು ಒತ್ತಿ ತುಂಬಬೇಡಿ, ಲೆಕ್ಕ ಕೆಡುತ್ತದೆ. ಕೊನೆಗೆ ಚುರುಮುರಿ, ಅಂದರೆ ಮಂಡಕ್ಕಿ, ತುಂಬಿದೆ. ಬರೀ ಹದಿನೈದು. ಒಬ್ಬನೇ ನಗತೊಡಗಿದೆ. ಇಷ್ಟು ಗೊತ್ತಿಲ್ಲದೆ ನನ್ನ ಮದುವೆಯೇ ತಪ್ಪುವುದರಲ್ಲಿತ್ತು.

ನಾನು ಕುರ್ಲಾದ ಚಾಳಿನಲ್ಲಿ ಬೆಳೆದವನು. ಓದು ಅಷ್ಟಕ್ಕಷ್ಟೆ, ಚೌಕಾಸಿಯಲ್ಲಿ ಮಾತ್ರ ನನ್ನನ್ನು ಹಿಡಿಯುವವರಿರಲಿಲ್ಲ. ಇಂಥವನಿಗೆ, ಮುಲುಂಡಿನಲ್ಲಿ ತನ್ನ ಸೋದರಮಾವನ ಮನೆಯಲ್ಲಿದ್ದ ಶಾಲಿನಿಯ ಮೇಲೆ ಮನಸ್ಸಾಯಿತು. ಅವಳಿಗೂ ಒಪ್ಪಿಗೆ. ಒಪ್ಪಬೇಕಾದವರು ಅವಳ ತಾಯಿ. ಅದಕ್ಕೆಂದೇ ಧಾರವಾಡದಿಂದ ಬಂದಿಳಿದಿದ್ದರು. ಹುಡುಗ ಸಂಸಾರ ತೂಗಿಸುತ್ತಾನೋ ಇಲ್ಲವೋ ಎಂಬುದೊಂದೇ ಅವರ ಚಿಂತೆ.

"ಭಾನುವಾರ ನಮ್ಮ ಮಂದಿ ನಿಮ್ಮನ್ನ ನೋಡ್ಲಿಕ್ಕೆ ಬರ್ತಾರ. ಗಿರಮಿಟ್ಟು ಮಾಡ್ತೀನಿ. ಬರೂಮುಂದ ಹತ್ತ ಸೇರ ಚುರಮರಿ ತರ್ರಿ," ಎಂದು ಫೋನಿನಲ್ಲಿ ಹೇಳಿದರು.

ಅಕ್ಕಿ, ಬೇಳೆಯ ಸೇರನ್ನು ಚಾಳಿನ ಅಜ್ಜಿಯರ ಬಾಯಲ್ಲಿ ಕೇಳಿ ಬಲ್ಲೆ. ಅದು ಹೆಚ್ಚೂಕಡಿಮೆ ಒಂದು ಕಿಲೋ. ಹಾಗಾದರೆ ಚುರುಮುರಿ ಹತ್ತು ಕಿಲೋ. ಕುರ್ಲಾದ ಸಗಟು ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಶಾದಿ ಹೈ ಕ್ಯಾ?" ಎಂದ.

"ಯೇ ಪಹುಂಚ್ ಗಯಾ ತೋ ಹೋ ಜಾಯೇಗೀ," ಎಂದೆ. ಇದು ಮನೆ ಮುಟ್ಟಿದರೆ ಮದುವೆ ಆದಂತೆಯೇ.

ನನ್ನೆತ್ತರದ ಎರಡು ಗೋಣಿ ಹೊರಬಂದಾಗಲೇ ಬುದ್ಧಿ ಬರಬೇಕಿತ್ತು. ದರ ಇಳಿಸಿದ ಅಮಲಿನಲ್ಲಿ ಬರಲಿಲ್ಲ. ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಯವಳೊಬ್ಬಳು ಒಂದು ಗೋಣಿಗೆ ಒರಗಿ ಸುಖವಾಗಿ ನಿದ್ದೆಹೋದಳು. ಮುಲುಂಡ್ ಬಂದಾಗ ಅವಳನ್ನು ಎಬ್ಬಿಸಲು ನನಗೇ ಸಂಕೋಚ.

ಮನೆಬಾಗಿಲಲ್ಲಿ ಗೋಣಿ ಸಿಕ್ಕಿಕೊಂಡಿತು. ಹೊರಗೆ ನಾನು, ಒಳಗೆ ನನ್ನನ್ನು ನೋಡಲು ಬಂದ ನೆಂಟರು.

"ಇದೇನ್ರಿ, ಅಂಗಡಿ ಹಚ್ಚಾವ್ರೇನು?" ಎಂದರು ಶಾಲಿನಿಯ ತಾಯಿ.

"ಹತ್ತ ಸೇರ ಅಂದಿದ್ರಲ್ರಿ. ಹತ್ತು ಕಿಲೋ ತಂದೆ."

"ಚುರಮರಿ ಸೇರಿನ ಡಬ್ಬಿಲೆ ಅಳೀತಾರ್ರಿ, ತೂಗೂದಿಲ್ಲ. ಹತ್ತ ಸೇರ ಅಂದ್ರ ಒಂದ ಕಿಲೋನೂ ಆಗೂದಿಲ್ಲ."

ಸೋದರಮಾವ ಸಿಕ್ಕ ಅವಕಾಶ ಬಿಡಲಿಲ್ಲ. "ಅಕ್ಕಾ, ಇವ್ರ ಕೈಯಾಗ ಸಂಸಾರ ಕೊಟ್ರ ಮುಗೀತ ನೋಡ."

ಒಳಗಿನಿಂದ ಶಾಲಿನಿ ನಕ್ಕದ್ದು ಕೇಳಿಸಿತು. ಆದರೆ ವ್ಯಾಪಾರ ಕೆಟ್ಟಾಗ ನಿಂತಲ್ಲೇ ನಿಲ್ಲಬಾರದು, ಇದೂ ಸಲಹೆಯೇ. ಮೆಟ್ಟಿಲ ಬಳಿ ಹೋಗಿ, ಎಲ್ಲರಿಗೂ ಗಿರಮಿಟ್ಟು ಇದೆ, ಪಾತ್ರೆ ತನ್ನಿ ಎಂದು ಇಡೀ ಬಿಲ್ಡಿಂಗಿಗೆ ಕೂಗು ಹಾಕಿದೆ. ಬೋಗುಣಿ ಬಂತು, ಕುಕ್ಕರು ಬಂತು, ಯಾರದೋ ಮಗುವಿನ ಸ್ನಾನದ ಟಬ್ಬೂ ಬಂತು. ನೆಂಟರು ಈರುಳ್ಳಿ ಹೆಚ್ಚಲು ಕೂತರು. ಹಂಗಿಸುತ್ತಲೇ ಸೋದರಮಾವ ಹುಣಸೆಹುಳಿಯ ಗೊಜ್ಜು ಕಲೆಸಿದರು. ನಾನು ಗೋಪುರ ಬರುವಂತೆ ತುಂಬಿ ತುಂಬಿ ಕೊಟ್ಟೆ. ಗೋಣಿಯ ತಳ ಕಾಣುವವರೆಗೆ ನನ್ನ ಸಂಬಳ ಎಷ್ಟೆಂದು ಯಾರೂ ಕೇಳಲಿಲ್ಲ.

ಕೊನೆಗೆ ತಾಯಿ ಸೆರಗಿಗೆ ಕೈ ಒರೆಸಿಕೊಂಡು ತಮ್ಮನಿಗೆ ಹೇಳಿದರು: "ಲೆಕ್ಕ ಬರೂದಿಲ್ಲ ಖರೆ. ಆದ್ರ ಇವ್ರ ಮನಿಗೆ ಬಂದವ್ರು ಉಪಾಸ ಹೋಗೂದಿಲ್ಲ ಬಿಡ. ಕೊಡೂಣು."

"ಲೆಕ್ಕ ನಾ ಕಲಸ್ತೀನಿ, ಅವ್ವಾ," ಎಂದಳು ಶಾಲಿನಿ ಒಳಗಿನಿಂದಲೇ.

ಇನ್ನೂ ಕಲಿಸುತ್ತಿದ್ದಾಳೆ. ನಾಳೆ ನಮ್ಮ ಮಗಳು ತನಗೆ ಮೆಚ್ಚುಗೆಯಾದ ಹುಡುಗನನ್ನು ಮನೆಗೆ ಕರೆತರುತ್ತಾಳೆ. ನೌಕರಿ, ಫ್ಲ್ಯಾಟು, ಸಾಲ ಎಂದು ಕೇಳಬೇಕಾದ್ದನ್ನೆಲ್ಲ ವಾರದಿಂದ ತಲೆಯಲ್ಲಿ ಜೋಡಿಸಿಟ್ಟಿದ್ದೆ. ತಕ್ಕಡಿಯ ಮುಂದಿನ ಈ ನಗು ಮುಗಿಯುವಷ್ಟರಲ್ಲಿ ಅದರಲ್ಲಿ ಒಂದೂ ಉಳಿಯಲಿಲ್ಲ. ಅವನು ಏನೇ ತರಲಿ, ಎಷ್ಟೇ ತರಲಿ, ನಾನು ತೂಗಿ ನೋಡುವುದಿಲ್ಲ. ಎಷ್ಟಕ್ಕೆ ತಂದೆಯಪ್ಪಾ ಎಂದು ಮಾತ್ರ ಕೇಳುತ್ತೇನೆ.